ನೀರೊಳಗಿನ ಎಮ್ಮೆಗೆ ಹರಾಜು

ಎಮ್ಮೆ ಕೆರೆಯೊಳಗಿದೆ, ಕಾಣುವುದು ಕೊಂಬು ಮಾತ್ರ. ದಡದಲ್ಲಿ ನಿಂತು ಅದಕ್ಕೆ ಬೆಲೆ ಕಟ್ಟುವವನನ್ನು ಕಂಡು ನಮ್ಮ ಹಿರಿಯರು ನಗುತ್ತಿದ್ದರು. ಇಂಟರ್‌ನೆಟ್ ಹರಾಜಿನಲ್ಲಿ ಹಳೆಯ ರೇಡಿಯೊ, ಕ್ಯಾಮೆರಾ, ಟೇಪ್‌ರೆಕಾರ್ಡರ್ ಕೊಳ್ಳುವವರ ವ್ಯಾಪಾರವೂ ಇಂಥದೇ. ಅಲ್ಲಿ ಎಷ್ಟೋ ವಸ್ತುಗಳ ಕೆಳಗೆ ‘ಅನ್‌ಟೆಸ್ಟೆಡ್’ ಎಂದು ಬರೆದಿರುತ್ತದೆ. ಅಂದರೆ, ಪರೀಕ್ಷಿಸಿ ನೋಡಿಲ್ಲ. ಇದ್ದದ್ದನ್ನು ಇದ್ದ ಹಾಗೆ ಕೊಳ್ಳಿ.

ಅಮೆರಿಕದಲ್ಲಿ ಪಿಯರ್ ಒಮಿಡ್ಯಾರ್ 1995ರಲ್ಲಿ ಆರಂಭಿಸಿದ ಹರಾಜುಕಟ್ಟೆಯೇ ಮುಂದೆ ‘ಇಬೇ’ ಆಯಿತು. ಅಲ್ಲಿ ಮೊದಲು ಮಾರಾಟವಾದದ್ದು ಕೆಟ್ಟುಹೋದ ಒಂದು ಲೇಸರ್ ಪಾಯಿಂಟರ್, ಬೆಲೆ 14.83 ಡಾಲರ್. ಕೆಟ್ಟಿದೆ ಎಂದು ತಿಳಿದೇ ಒಬ್ಬರು ಕೊಂಡರು. ಅದರಲ್ಲಿ ಮುಚ್ಚುಮರೆ ಇರಲಿಲ್ಲ.

‘ಪರೀಕ್ಷಿಸಿಲ್ಲ’ ಎಂಬ ಮಾತು ಹಾಗಲ್ಲ. ಕೆಲವೊಮ್ಮೆ ಅದು ನಿಜ. ತೀರಿಕೊಂಡವರ ಮನೆ ಖಾಲಿ ಮಾಡುವವರ ಬಳಿ ಕ್ಯಾಮೆರಾದ ಚಾರ್ಜರ್ ಇಲ್ಲದಿರಬಹುದು. ಆದರೆ ಪ್ಲಗ್ಗಿಗೆ ಹಾಕಿ ಒಂದೇ ನಿಮಿಷದಲ್ಲಿ ನೋಡಬಹುದಾದ ರೇಡಿಯೊಗೂ ಇದೇ ಮಾತೇ? ಹಾಡುವ ರೇಡಿಯೊಗೆ ಹೆಚ್ಚು ಬೆಲೆ ಬರುತ್ತದೆ ಎಂಬುದು ಮಾರುವವನಿಗೆ ಗೊತ್ತಿಲ್ಲವೇ?

ಈ ಗುಟ್ಟನ್ನು ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲೇ ಹಳೆಯ ಕಾರುಗಳ ಉದಾಹರಣೆಯಿಂದ ವಿವರಿಸಿದ್ದರು. ಮಾಲಿನ ಗುಣ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಆದ್ದರಿಂದ ಆತ ಕೊಡುವುದು ಸರಾಸರಿ ಬೆಲೆ. ಒಳ್ಳೆಯ ಮಾಲಿನವನಿಗೆ ಅದು ಗಿಟ್ಟದು, ಅವನು ಸಂತೆ ಬಿಡುತ್ತಾನೆ. ಕೊನೆಗೆ ಉಳಿಯುವುದು ಜೊಳ್ಳು. ಈ ವಿಚಾರಕ್ಕೆ 2001ರಲ್ಲಿ ಅವರಿಗೆ, ಇನ್ನಿಬ್ಬರೊಂದಿಗೆ, ನೊಬೆಲ್ ಪ್ರಶಸ್ತಿ ಸಂದಿತು.

ಹರಾಜಿನಲ್ಲಿ ಇನ್ನೊಂದು ತೊಡಕಿದೆ. ವಸ್ತುವಿನ ನಿಜವಾದ ಬೆಲೆ ಯಾರಿಗೂ ತಿಳಿಯದಿದ್ದಾಗ ಗೆಲ್ಲುವವನು ಎಲ್ಲರಿಗಿಂತ ಹೆಚ್ಚು ಆಸೆ ಇಟ್ಟುಕೊಂಡವನು. ಇದಕ್ಕೆ ‘ಗೆದ್ದವನ ಶಾಪ’ ಎಂದು ಹೆಸರು. ತೈಲ ನಿಕ್ಷೇಪಗಳ ಹರಾಜನ್ನು ಗಮನಿಸಿದ ಅಮೆರಿಕದ ಮೂವರು ಎಂಜಿನಿಯರುಗಳು 1971ರಲ್ಲಿ ಇದನ್ನು ವಿವರಿಸಿದರು.

ಗೆದ್ದ ಮೇಲೂ ಅಪಾಯ ತಪ್ಪಿದ್ದಲ್ಲ. ಜಪಾನಿನ ಮನೆಗಳಲ್ಲಿ ವಿದ್ಯುತ್ತು 100 ವೋಲ್ಟ್, ನಮ್ಮಲ್ಲಿ 230. ಅಲ್ಲಿಗಾಗಿ ತಯಾರಾದ ಟೇಪ್ ಡೆಕ್ಕನ್ನು ಇಲ್ಲಿ ನೇರವಾಗಿ ಪ್ಲಗ್ಗಿಗೆ ಹಾಕಿದರೆ ಸುಟ್ಟೀತು. ವರ್ಷಗಟ್ಟಲೆ ಮೂಲೆ ಸೇರಿದ್ದ ಯಂತ್ರದಲ್ಲಿ ಕೆಪ್ಯಾಸಿಟರ್‌ಗಳು ಒಣಗಿರುತ್ತವೆ, ರಬ್ಬರ್ ಬೆಲ್ಟುಗಳು ಅಂಟಾಗಿರುತ್ತವೆ. ಅದಕ್ಕೇ ಅನುಭವಿ ರಿಪೇರಿಯವರು ಮೊದಲ ಸಲ ನಡುವೆ ಒಂದು ಬಲ್ಬನ್ನು ಸೀರೀಸ್‌ನಲ್ಲಿ ಜೋಡಿಸಿಯೇ ವಿದ್ಯುತ್ತು ಕೊಡುವುದು. ಒಳಗೆ ಶಾರ್ಟ್ ಆಗಿದ್ದರೆ ಬಲ್ಬು ಪೂರ್ತಿ ಉರಿಯುತ್ತದೆ, ಯಂತ್ರ ಉಳಿಯುತ್ತದೆ.

ಹಾಗೆಂದು ಹಳೆಯದನ್ನು ಕೊಳ್ಳಲೇಬಾರದೆ? ಹೊಸದರ ಬೆಲೆ ಎಟುಕದವರಿಗೆ ಇದೂ ಒಂದು ದಾರಿಯೇ. ಬ್ಯಾಟರಿ ಹಾಕುವ ಜಾಗದ ಚಿತ್ರ ಕೇಳಿ. ಹಸಿರು ಕಿಲುಬು ಕಂಡರೆ ಬಿಟ್ಟುಬಿಡಿ. ‘ಸ್ವಿಚ್ ಹಾಕಿ ನೋಡಿದಿರಾ?’ ಎಂದು ನೇರವಾಗಿ ಕೇಳಿ, ಉತ್ತರವನ್ನು ಬರಹದಲ್ಲೇ ಪಡೆಯಿರಿ. ವಸ್ತು ಕೆಟ್ಟೇ ಇದೆ ಎಂದು ಭಾವಿಸಿ, ಬಿಡಿಭಾಗಗಳಿಗೆ ಎಷ್ಟು ಕೊಡಬಹುದೋ ಅಷ್ಟಕ್ಕೇ ಕೂಗು ನಿಲ್ಲಿಸಿ. ನಡೆದರೆ ಅದು ನಿಮ್ಮ ಲಾಭ.