ಪದವಿ ಕೈಗೆ ಬರುವ ಮುನ್ನವೇ ಉದ್ಯೋಗಕ್ಕೆ ಸಿದ್ಧತೆ

ಪ್ರತಿ ವರ್ಷ ಪದವಿ ಪರೀಕ್ಷೆಯ ಫಲಿತಾಂಶ ಪ್ರಕಟವಾದೊಡನೆ ನಮ್ಮ ಕರಾವಳಿಯ ಮನೆಮನೆಗಳಲ್ಲಿ ಕೇಳಿಬರುವ ಪ್ರಶ್ನೆ, "ಇನ್ನು ಮುಂದೇನು?" ಕಷ್ಟಪಟ್ಟು ಫೀಸು ಕಟ್ಟಿದ ಹೆತ್ತವರು ಹೀಗೆ ಕೇಳುವುದು ಸಹಜ. ಆದರೆ ಈ ಪ್ರಶ್ನೆಯನ್ನು ಮಗ ಅಥವಾ ಮಗಳು ಪದವಿ ತರಗತಿಗೆ ಸೇರಿದ ಮೊದಲ ವರ್ಷದಲ್ಲೇ ಕೇಳಬೇಕು ಎಂಬುದು ನಮ್ಮ ಅಭಿಪ್ರಾಯ. ಅದಕ್ಕೆ ಕಾರಣವೂ ಇದೆ.

ಅಂದಿನ ಬ್ಯಾಂಕು, ಇಂದಿನ ಬ್ಯಾಂಕು

ಕೆನರಾ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು 1906ರಲ್ಲಿ, ಕರ್ಣಾಟಕ ಬ್ಯಾಂಕ್ 1924ರಲ್ಲಿ, ಸಿಂಡಿಕೇಟ್ 1925ರಲ್ಲಿ, ವಿಜಯಾ ಬ್ಯಾಂಕ್ 1931ರಲ್ಲಿ ಹುಟ್ಟಿದ್ದು ನಮ್ಮ ಈ ನೆಲದಲ್ಲೇ. ಒಳ್ಳೆಯ ಅಂಕ ತೆಗೆದ ಪದವೀಧರನಿಗೆ ಬ್ಯಾಂಕಿನಲ್ಲಿ ಕೆಲಸ ಸಿಕ್ಕೀತು ಎಂಬ ನಂಬಿಕೆ ಇಲ್ಲಿನ ಹಿರಿಯರಲ್ಲಿ ಬೇರೂರಿದ್ದು ಹೀಗೆ. ಇಂದು ಇವುಗಳಲ್ಲಿ ಮೂರರ ಹೆಸರೇ ಉಳಿದಿಲ್ಲ. ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡದೊಂದಿಗೆ ವಿಲೀನವಾಯಿತು. 2020ರಲ್ಲಿ ಸಿಂಡಿಕೇಟ್ ಬ್ಯಾಂಕ್ ಕೆನರಾದೊಂದಿಗೂ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನೊಂದಿಗೂ ಸೇರಿದವು. ಸ್ಟೇಟ್ ಬ್ಯಾಂಕನ್ನು ಬಿಟ್ಟು ಉಳಿದ ಸರಕಾರಿ ಬ್ಯಾಂಕುಗಳ ಗುಮಾಸ್ತ ಮತ್ತು ಅಧಿಕಾರಿ ಹುದ್ದೆಗಳಿಗೆ 2011ರಿಂದ ಐ.ಬಿ.ಪಿ.ಎಸ್. ಸಂಸ್ಥೆ ಸಾಮಾನ್ಯ ಪರೀಕ್ಷೆ ನಡೆಸುತ್ತಿದೆ.

ಈ ಪರೀಕ್ಷೆಯ ಸ್ವರೂಪವನ್ನು ಗಮನಿಸಿ. ಗುಮಾಸ್ತ ಹುದ್ದೆಯ ಪ್ರಾಥಮಿಕ ಹಂತದಲ್ಲಿ 60 ನಿಮಿಷಗಳಲ್ಲಿ 100 ಪ್ರಶ್ನೆಗಳು: ಇಂಗ್ಲಿಷ್ 30, ಲೆಕ್ಕ 35, ತಾರ್ಕಿಕ ಸಾಮರ್ಥ್ಯ 35. ಒಂದು ಪ್ರಶ್ನೆಗೆ ಸಿಗುವುದು ಸರಾಸರಿ 36 ಸೆಕೆಂಡು. ತಪ್ಪು ಉತ್ತರ ಬರೆದರೆ ಕಾಲು ಅಂಕ ಕಡಿತ. ಇಲ್ಲಿ ಬರುವ ಲೆಕ್ಕಗಳು ಹೆಚ್ಚಾಗಿ ಪ್ರೌಢಶಾಲೆಯಲ್ಲಿ ಕಲಿತವೇ: ಶೇಕಡಾವಾರು, ಬಡ್ಡಿ, ಅನುಪಾತ, ಸರಾಸರಿ. ಆದರೆ ಕಲಾ ವಿಭಾಗದ ಅನೇಕ ವಿದ್ಯಾರ್ಥಿಗಳು ಎಸ್.ಎಸ್.ಎಲ್.ಸಿ. ನಂತರ ಗಣಿತದ ಪುಸ್ತಕ ತೆರೆದಿರುವುದಿಲ್ಲ. ಕಾಲೇಜಿನಲ್ಲಿ ಗಂಟೆಗಟ್ಟಲೆ ಕುಳಿತು ದೀರ್ಘ ಉತ್ತರ ಬರೆದು ಪ್ರಥಮ ದರ್ಜೆ ಪಡೆದವರು ಇಲ್ಲಿ ಎಡವುವುದಕ್ಕೆ ಇದೇ ಕಾರಣ. ಅವರಲ್ಲಿ ಬುದ್ಧಿಯ ಕೊರತೆಯಿಲ್ಲ, ಅಭ್ಯಾಸದ ಕೊರತೆಯಿದೆ. ಆ ಅಭ್ಯಾಸ ಒಂದು ತಿಂಗಳಲ್ಲಿ ಬರುವಂಥದ್ದಲ್ಲ.

ವರ್ಷಕ್ಕೊಂದು ಹೆಜ್ಜೆ

ಮೊದಲ ವರ್ಷ ಭಾಷೆಗೆ ಮೀಸಲಿರಲಿ. ಕನ್ನಡ ಮಾಧ್ಯಮದಿಂದ ಬಂದ ಮಕ್ಕಳು ಇಂಗ್ಲಿಷಿಗೆ ಹೆದರಿ ಹಿಂದಿನ ಬೆಂಚಿನಲ್ಲೇ ಉಳಿಯುವುದನ್ನು ನಾವು ನೋಡುತ್ತೇವೆ. ದಿನಕ್ಕೊಂದು ಪತ್ರಿಕಾ ವರದಿಯನ್ನು ಗಟ್ಟಿಯಾಗಿ ಓದಿ, ಅದರ ಸಾರವನ್ನು ಐದು ವಾಕ್ಯಗಳಲ್ಲಿ ಬರೆದರೆ ಆ ಹೆದರಿಕೆ ಮೆಲ್ಲನೆ ಕರಗುತ್ತದೆ. ಕನ್ನಡವನ್ನೂ ಕೈಬಿಡಬಾರದು. ಗುಮಾಸ್ತ ಪರೀಕ್ಷೆಯಲ್ಲಿ ಇಂಗ್ಲಿಷ್ ವಿಭಾಗದ ಹೊರತು ಉಳಿದ ಪ್ರಶ್ನೆಗಳನ್ನು ಕನ್ನಡದಲ್ಲೂ ಓದಿ ಉತ್ತರಿಸಬಹುದು. ಜೊತೆಗೆ, ಅರ್ಜಿ ಹಾಕಿದ ರಾಜ್ಯದ ಭಾಷೆ ಬಲ್ಲವರಿಗೇ ಆ ಹುದ್ದೆ.

ಎರಡನೇ ವರ್ಷ ಲೆಕ್ಕ, ತರ್ಕ ಮತ್ತು ಕಂಪ್ಯೂಟರಿಗೆ. ಎಕ್ಸೆಲ್‌ನಲ್ಲಿ ಒಂದು ಲೆಕ್ಕಪಟ್ಟಿ ತಯಾರಿಸುವುದು, ತಪ್ಪಿಲ್ಲದೆ ಒಂದು ಇ-ಮೇಲ್ ಬರೆಯುವುದು ಯಾವ ಕಚೇರಿಯಲ್ಲೂ ಬೇಕಾಗುವ ಕೆಲಸ. ರಜೆಯಲ್ಲಿ ಅಂಗಡಿಯಲ್ಲೋ, ಲೆಕ್ಕಪರಿಶೋಧಕರ ಕಚೇರಿಯಲ್ಲೋ ಒಂದು ತಿಂಗಳು ದುಡಿದರೂ ಸಂದರ್ಶನದಲ್ಲಿ ಹೇಳಿಕೊಳ್ಳಲು ಸ್ವಂತ ಅನುಭವವಿರುತ್ತದೆ.

ಮೂರನೇ ವರ್ಷ ಸ್ವವಿವರ ಸಿದ್ಧಪಡಿಸುವುದು, ಗುಂಪು ಚರ್ಚೆ ಮತ್ತು ಸಂದರ್ಶನದ ತಾಲೀಮು. ಸ್ವವಿವರ ಒಂದು ಪುಟ ಮೀರದಿರಲಿ, ಸುಳ್ಳು ಒಂದಕ್ಷರವೂ ಬೇಡ. ಬರೆದ ಪ್ರತಿ ಸಾಲಿನ ಮೇಲೂ ಪ್ರಶ್ನೆ ಬರಬಹುದು.

ಕೆಲಸ ಸಿಗುವ ತನಕ

ಪದವಿ ಮುಗಿದು ಕೆಲಸ ಸಿಗದವರಿಗೆ ಎರಡು ಆಸರೆಗಳಿವೆ. 1961ರ ಅಪ್ರೆಂಟಿಸ್ ಕಾಯ್ದೆಗೆ 2014ರಲ್ಲಿ ತಿದ್ದುಪಡಿಯಾದ ಮೇಲೆ ಇಂಜಿನಿಯರಿಂಗ್ ಓದದ ಪದವೀಧರರೂ ಕಂಪೆನಿಗಳಲ್ಲಿ ವೇತನಸಹಿತ ತರಬೇತಿ ಪಡೆಯಬಹುದು. 2019ರ ನಿಯಮಗಳು ಪದವೀಧರರಿಗೆ ತಿಂಗಳಿಗೆ ಕನಿಷ್ಠ 9,000 ರೂಪಾಯಿ ನಿಗದಿಪಡಿಸಿದವು. ತರಬೇತಿಯ ಬಳಿಕ ಅಲ್ಲೇ ಕೆಲಸ ಖಂಡಿತವೆಂದಲ್ಲ, ಆದರೆ ಅನುಭವ ಕೈಯಲ್ಲಿರುತ್ತದೆ. ಎರಡನೆಯದು, 2024ರ ಜನವರಿಯಲ್ಲಿ ಚಾಲನೆಗೊಂಡ ರಾಜ್ಯ ಸರಕಾರದ ಯುವನಿಧಿ. ತೇರ್ಗಡೆಯಾಗಿ ಆರು ತಿಂಗಳಾದರೂ ಉದ್ಯೋಗ ಸಿಗದ, ಉನ್ನತ ವ್ಯಾಸಂಗಕ್ಕೂ ಸೇರದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿಯಂತೆ ಗರಿಷ್ಠ ಎರಡು ವರ್ಷ ಕೊಡುವ ಯೋಜನೆ ಇದು. ಈ ಹಣ ಪರೀಕ್ಷಾ ಶುಲ್ಕಕ್ಕೆ, ಪುಸ್ತಕಕ್ಕೆ, ಬಸ್ಸಿನ ಖರ್ಚಿಗೆ ಬಳಕೆಯಾದರೆ ಸಾರ್ಥಕ.

ಏಜೆಂಟರ ಬಗ್ಗೆ ಎಚ್ಚರ

ಸಿದ್ಧತೆಯಿಲ್ಲದೆ ಕಾದು ಕಾದು ಬೇಸತ್ತವರೇ ಮೋಸಗಾರರ ಬಲೆಗೆ ಸುಲಭವಾಗಿ ಬೀಳುತ್ತಾರೆ. ಡಾಟಾ ಎಂಟ್ರಿ ಕೆಲಸವೆಂದು ನಂಬಿ ಮ್ಯಾನ್ಮಾರ್, ಕಾಂಬೋಡಿಯಕ್ಕೆ ಹೋದ ಭಾರತೀಯ ಯುವಕರನ್ನು ಅಲ್ಲಿ ಕೂಡಿಹಾಕಿ ಸೈಬರ್ ವಂಚನೆಗೆ ದೂಡಿದ ಪ್ರಕರಣಗಳ ಬಗ್ಗೆ ವಿದೇಶಾಂಗ ಸಚಿವಾಲಯ 2022ರಿಂದಲೂ ಎಚ್ಚರಿಸುತ್ತಿದೆ. ವಿದೇಶಕ್ಕೆ ಕಳುಹಿಸುವ ಏಜೆಂಟರು 1983ರ ವಲಸೆ ಕಾಯ್ದೆಯಡಿ ನೋಂದಾಯಿತರಾಗಿರಬೇಕು. ಇ-ಮೈಗ್ರೇಟ್ ಜಾಲತಾಣದಲ್ಲಿ ಅವರ ಹೆಸರನ್ನು ಯಾರೂ ಪರಿಶೀಲಿಸಬಹುದು. ಅವರು ಪಡೆಯಬಹುದಾದ ಸೇವಾಶುಲ್ಕ 30,000 ರೂಪಾಯಿ ಮತ್ತು ಅದರ ಮೇಲಿನ ಜಿ.ಎಸ್.ಟಿ. ಮಾತ್ರ. ಲಕ್ಷಗಟ್ಟಲೆ ಕೇಳುವವರನ್ನು, ಪ್ರವಾಸಿ ವೀಸಾದಲ್ಲಿ ಕೆಲಸಕ್ಕೆ ಕಳುಹಿಸುವೆನೆನ್ನುವವರನ್ನು ಮನೆಯ ಮೆಟ್ಟಿಲಿನಿಂದಲೇ ಹಿಂದೆ ಕಳುಹಿಸಿ. ಅಮ್ಮನ ಬಂಗಾರ ಅಡವಿಟ್ಟು ಕೊಟ್ಟ ಹಣ ಮರಳಿ ಬರುವುದು ಅಪರೂಪ.

ನಾವೇನು ಮಾಡಬಹುದು?

ಪ್ರತಿ ಚರ್ಚಿನಲ್ಲೂ ಸಭಾಭವನವಿದೆ, ಯುವಸಂಘಟನೆಯಿದೆ. ಬ್ಯಾಂಕಿನಿಂದ, ಶಾಲೆಯಿಂದ, ಗಲ್ಫಿನಿಂದ ನಿವೃತ್ತರಾಗಿ ಬಂದ ಅನುಭವಿಗಳೂ ಇದ್ದಾರೆ. ವಾರಕ್ಕೆ ಎರಡು ಗಂಟೆ ಇವರು ಒಂದೆಡೆ ಕುಳಿತರೆ ಸಾಕು: ಒಬ್ಬರು ಲೆಕ್ಕ ಹೇಳಿಕೊಡಲಿ, ಇನ್ನೊಬ್ಬರು ಸಂದರ್ಶಕರಾಗಿ ಪ್ರಶ್ನೆ ಕೇಳಲಿ, ಮತ್ತೊಬ್ಬರು ಅರ್ಜಿಯ ಕೊನೆಯ ದಿನಾಂಕಗಳನ್ನು ಸೂಚನಾ ಫಲಕದಲ್ಲಿ ಬರೆಯಲಿ. ಇದಕ್ಕೆ ದೊಡ್ಡ ಖರ್ಚೇನಿಲ್ಲ. ಈ ವರ್ಷ ಕಾಲೇಜು ಮೆಟ್ಟಿಲೇರಿದ ಮಕ್ಕಳ ಪಟ್ಟಿಯನ್ನು ವಾರ್ಡಿನ ಗುರಿಕಾರರು ಈ ತಿಂಗಳಲ್ಲೇ ತಯಾರಿಸಲಿ. ಅಲ್ಲಿಂದಲೇ ಕೆಲಸ ಆರಂಭವಾಗಲಿ.