ಹರೆಯಕ್ಕೆ ಪಾಠ ಹೇಳಿದ ಜಾತ್ರೆಯ ನಾಟಕ

ಬನದ ಹುಣ್ಣಿಮೆ ಬಂತೆಂದರೆ ಬಾದಾಮಿ ಬಳಿಯ ಬನಶಂಕರಿಗೆ ಭಕ್ತರ ಜೊತೆ ನಾಟಕ ಕಂಪನಿಗಳೂ ಬಂದಿಳಿಯುತ್ತವೆ. ತೇರು ಒಂದು ದಿನದ್ದು. ನಾಟಕಗಳು ವಾರಗಟ್ಟಲೆ ನಡೆಯುತ್ತವೆ. ಬಾಗಲಕೋಟೆ, ಹುನಗುಂದ, ಇಳಕಲ್ಲಿನ ಕಡೆಯಿಂದ ಬಂದ ಹರೆಯದವರು ಹಿರಿಯರ ಪಕ್ಕದಲ್ಲೇ ಕುಳಿತು ರಾತ್ರಿಯಿಡೀ ನೋಡುತ್ತಾರೆ. ಕಾದಂಬರಿ ಕೈಗೆಟುಕದ ಎಷ್ಟೋ ಮನೆಗಳಲ್ಲಿ ಕುಡಿತ, ಜೂಜು, ಸಾಲ, ವರದಕ್ಷಿಣೆಗಳ ಬಗ್ಗೆ ಬಾಯಿಬಿಟ್ಟು ಮಾತನಾಡಿದ್ದು ಈ ರಂಗಭೂಮಿಯೇ.

ವೃತ್ತಿ ಕಂಪನಿಗಳು ಮೊದಲು ನೆಚ್ಚಿಕೊಂಡಿದ್ದು ಪುರಾಣ ಮತ್ತು ಇತಿಹಾಸವನ್ನು. ಸಾಮಾಜಿಕ ನಾಟಕ ಬಂದ ಮೇಲೆ ಕಿರೀಟ, ದರ್ಬಾರಿನ ಪರದೆಗಳ ಖರ್ಚು ತಗ್ಗಿತು. ಪ್ರೇಕ್ಷಕನಿಗೆ ತನ್ನ ಮನೆಯ ಮಾತೇ ಕೇಳಿಸತೊಡಗಿತು. ಈ ಬಗೆಯ ನಾಟಕಗಳಿಗೆ ಹೆಸರಾದ ಪಿ.ಬಿ. ಧುತ್ತರಗಿಯವರು ಹುನಗುಂದ ತಾಲ್ಲೂಕಿನ ಸೂಳೇಭಾವಿಯವರು. ಸಿರಿವಂತಿಕೆಯ ಸೊಕ್ಕನ್ನು ಕೆಣಕುವ ಅವರ ‘ಸಂಪತ್ತಿಗೆ ಸವಾಲ್’ 1974ರಲ್ಲಿ ರಾಜಕುಮಾರ್ ಅಭಿನಯದ ಚಲನಚಿತ್ರವಾಗಿ ನಾಡಿನ ಮನೆಮಾತಾಯಿತು.

ಗಂಭೀರ ವಿಷಯವನ್ನು ನಗೆಯಲ್ಲಿ ಅದ್ದಿ ಕೊಡುವುದು ಕಂಪನಿ ನಾಟಕದ ಜಾಣ್ಮೆ. ಧುತ್ತರಗಿಯವರ ‘ಮುದುಕನ ಮದುವೆ’ ಇಳಿವಯಸ್ಸಿನ ಮದುವೆಯ ಚಪಲವನ್ನು ಗೇಲಿ ಮಾಡುತ್ತದೆ. ಊರಿನ ಗೌಡರ ಎದುರು ಆಡಲಾಗದ ಮಾತನ್ನು ಹಾಸ್ಯಪಾತ್ರ ಆಡಿಬಿಡುತ್ತದೆ, ಗೌಡರೂ ನಗುತ್ತಾರೆ. ಆದರೆ ನಗೆಗೂ ಮಿತಿಯುಂಟು. ದ್ವಂದ್ವಾರ್ಥದ ಮಾತುಗಳು ಹೆಚ್ಚಿದಾಗ ಹೆಣ್ಣಿನ ಸಂಕಟವೇ ಚಪ್ಪಾಳೆಯ ಸರಕಾಗುತ್ತದೆ. ಸೊಸೆ ಸಹಿಸಿ ಗೆಲ್ಲುತ್ತಾಳೆ, ಸಾಹುಕಾರ ಕೊನೆಯ ದೃಶ್ಯದಲ್ಲಿ ಕಣ್ಣೀರಿಡುತ್ತಾನೆ. ಸಾಲದ ಬಡ್ಡಿ ಮಾತ್ರ ಹಾಗೆಯೇ ಉಳಿಯುತ್ತದೆ.

ರಂಗದಾಚೆಗೂ ಈ ಕೆಲಸ ನಡೆದಿದೆ. ಇಳಕಲ್ಲಿನ ಚಿತ್ತರಗಿ ಸಂಸ್ಥಾನ ಮಠದ ಡಾ. ಮಹಾಂತ ಶಿವಯೋಗಿಗಳು 1975ರಲ್ಲಿ ‘ಮಹಾಂತ ಜೋಳಿಗೆ’ ಹಿಡಿದು ಹೊರಟು, ಹಣದ ಬದಲು ಜನರ ದುಶ್ಚಟಗಳನ್ನೇ ಭಿಕ್ಷೆ ಬೇಡಿದರು. ಅವರ ಜನ್ಮದಿನವಾದ ಆಗಸ್ಟ್ 1 ಈಗ ರಾಜ್ಯದಲ್ಲಿ ವ್ಯಸನಮುಕ್ತ ದಿನ. ನಾಟಕದ ಹಾಗೆ ಜೋಳಿಗೆಯೂ ನಂಬಿದ್ದು ಒಬ್ಬೊಬ್ಬರ ಮನಃಪರಿವರ್ತನೆಯನ್ನು.

ಮನಸ್ಸು ಬದಲಾಗುವವರೆಗೆ ಕಾಯಲಾಗದ ಸಂಗತಿಗಳೂ ಇವೆ. ಹುಡುಗಿಯ ಮದುವೆಯ ಕನಿಷ್ಠ ವಯಸ್ಸನ್ನು 1929ರ ಶಾರದಾ ಕಾಯ್ದೆ 14 ಎಂದಿತ್ತು. 1978ರ ತಿದ್ದುಪಡಿ 18ಕ್ಕೆ ಏರಿಸಿತು. 2006ರ ಕಾಯ್ದೆ ಬಾಲ್ಯವಿವಾಹವನ್ನು ಇನ್ನಷ್ಟು ಕಟ್ಟುನಿಟ್ಟಾಗಿ ನಿಷೇಧಿಸಿತು. ರಾತ್ರಿ ಮುದುಕನ ಪಾತ್ರ ನೋಡಿ ನಕ್ಕ ಹುಡುಗಿಯನ್ನು ಬೆಳಗಾದ ಮೇಲೆ ವರನ ಮುಂದೆ ಕೂರಿಸಿದರೆ, ಅವಳಿಗೆ ಆಸರೆಯಾಗಬೇಕಾದದ್ದು ಈ ಕಾಯ್ದೆ. ಬೇಡವೆನ್ನುವ ಮಾತನ್ನು ಮೊದಲು ಕೇಳಿಸಿದ ಕೀರ್ತಿ ಮಾತ್ರ ನಾಟಕದ್ದು.