ಕಳಚಿ ಬಿದ್ದ ಹಲ್ಲಿನ ಆಯುಷ್ಯ

ನಮ್ಮ ದೇಹದಲ್ಲಿ ಎಲ್ಲಕ್ಕಿಂತ ಗಟ್ಟಿಯಾದ ವಸ್ತು ಯಾವುದೆಂದು ಕೇಳಿದರೆ ಹಲವರು ಎಲುಬೆಂದು ಹೇಳಿಯಾರು. ಅದು ಸರಿಯಲ್ಲ. ಹಲ್ಲಿನ ಹೊರಮೈಯನ್ನು ಆವರಿಸಿರುವ ಎನಾಮಲ್ ಎಂಬ ಹೊಳಪಾದ ಕವಚಕ್ಕೆ ಆ ಸ್ಥಾನ ಸಲ್ಲತಕ್ಕದ್ದು. ತೂಕದಲ್ಲಿ ಅದರ ನೂರಕ್ಕೆ ಸುಮಾರು 96 ಪಾಲು ಖನಿಜವೇ. ಆದರೆ ಚೆಂಡು ಬಡಿದೋ, ಸೈಕಲ್ಲಿನಿಂದ ಉರುಳಿಯೋ ಹಲ್ಲೊಂದು ಬೇರುಸಹಿತ ಕಳಚಿ ನೆಲಕ್ಕೆ ಬಿದ್ದಾಗ ಅದರ ಅಳಿವು ಉಳಿವುಗಳನ್ನು ನಿರ್ಧರಿಸುವುದು ಈ ಕಲ್ಲಿನಂಥ ಕವಚವಲ್ಲ. ಬೇರಿಗೆ ಅಂಟಿಕೊಂಡಿರುವ, ಕಂಡೂ ಕಾಣದಂತಹ ಒಂದು ಜೀವಂತ ಪೊರೆ. ಈ ಸಂಗತಿ ತಿಳಿದವರು ಕಡಮೆ. ಆದುದರಿಂದಲೇ ಮರಳಿ ನೆಡಬಹುದಾಗಿದ್ದ ಎಷ್ಟೋ ಹಲ್ಲುಗಳು ಕಸದ ಪಾಲಾಗುತ್ತವೆ.

ಗೋಡೆಗೆ ಹೊಡೆದ ಮೊಳೆಯಂತೆ ಹಲ್ಲು ದವಡೆಯ ಎಲುಬಿನಲ್ಲಿ ನಾಟಿಕೊಂಡಿದೆಯೆಂದು ನಾವು ಭಾವಿಸುವುದುಂಟು. ನಿಜವಾಗಿ ಬೇರಿಗೂ ಎಲುಬಿಗೂ ನಡುವೆ ಸುಮಾರು 0.2 ಮಿಲಿಮೀಟರಿನಷ್ಟು ತೆರಪಿದೆ. ಅಲ್ಲಿ ಅಸಂಖ್ಯ ಸೂಕ್ಷ್ಮ ನಾರುಗಳು ಒಂದು ತುದಿಯಲ್ಲಿ ಬೇರನ್ನೂ ಇನ್ನೊಂದು ತುದಿಯಲ್ಲಿ ಎಲುಬನ್ನೂ ಹಿಡಿದು ನಿಂತಿವೆ. ಹಗ್ಗದ ಮಂಚ ಮಲಗಿದವನ ಭಾರವನ್ನು ಹೊರುವಂತೆ ಈ ನಾರುಗಳ ಜಾಲ ಹಲ್ಲನ್ನು ಹೊತ್ತಿದೆ. ನಾವು ಚಕ್ಕುಲಿ ಕಡಿದಾಗ ದವಡೆಗೆ ಪೆಟ್ಟು ತಾಗದಿರುವುದಕ್ಕೆ ಇದೇ ಕಾರಣ. ಆಘಾತ ಮಿತಿಮೀರಿದಾಗ ನಾರುಗಳು ನಡುವೆ ಹರಿದು, ಒಂದು ಪಾಲು ಎಲುಬಿನ ಗೂಡಿನಲ್ಲಿಯೂ ಇನ್ನೊಂದು ಪಾಲು ಬೇರಿನ ಮೇಲೆಯೂ ಉಳಿಯುತ್ತವೆ. ಎರಡೂ ಕಡೆಯ ಜೀವಕೋಶಗಳು ಬದುಕಿದ್ದರೆ, ಹಲ್ಲನ್ನು ಗೂಡಿಗೆ ಮರಳಿಸಿದಾಗ ಅವು ಮತ್ತೆ ಹೆಣೆದುಕೊಳ್ಳಬಲ್ಲವು. ಬೇರಿನ ಮೇಲಿನವು ಸತ್ತಿದ್ದರೆ ಎಲುಬು ನೇರವಾಗಿ ಬೇರಿಗೆ ಬೆಸೆದುಕೊಂಡು, ವರುಷಗಳು ಕಳೆದಂತೆ ಅದನ್ನು ಕರಗಿಸಿ, ಆ ಸ್ಥಳವನ್ನು ತಾನೇ ಆಕ್ರಮಿಸುತ್ತದೆ.

ಕಾಲದ ಬೆಲೆ ಇಲ್ಲಿ ಎಷ್ಟೆಂಬುದನ್ನು ಡೆನ್ಮಾರ್ಕಿನ ಆಂಡ್ರಿಯಾಸೆನ್ ಮತ್ತು ಅವರ ಸಹೋದ್ಯೋಗಿಯೊಬ್ಬರು 1966ರಲ್ಲಿ ತೋರಿಸಿಕೊಟ್ಟರು. ಅವರು ಪರಿಶೀಲಿಸಿದ್ದು ಮರಳಿ ನೆಟ್ಟ 110 ಹಲ್ಲುಗಳನ್ನು. ಅರ್ಧ ಗಂಟೆಯೊಳಗೆ ನೆಟ್ಟವುಗಳಲ್ಲಿ ನೂರಕ್ಕೆ 90ರಲ್ಲಿ ಬೇರು ಕರಗಿರಲಿಲ್ಲ. ಎರಡು ಗಂಟೆ ಮೀರಿದವುಗಳಲ್ಲಿ ಬಹುಮಟ್ಟಿಗೆ ಎಲ್ಲವೂ ಕರಗಿದ್ದುವು. ಗಾಳಿಗೆ ಒಡ್ಡಿ ಒಣಗಿದ ಬೇರಿನ ಕೋಶಗಳು ಒಂದು ಗಂಟೆಯ ನಂತರ ಬದುಕಿರಲಾರವೆಂಬುದೇ ಇಂದಿಗೂ ವೈದ್ಯರ ಲೆಕ್ಕ.

ಒಣಗುವುದು ಅಪಾಯವಾದರೆ ನೀರಿನಲ್ಲಿ ಹಾಕಿಡಬಹುದಲ್ಲವೆ ಎಂದು ಯಾರಿಗಾದರೂ ತೋರುವುದು ಸಹಜ. ಇದಕ್ಕೆ ಉತ್ತರ ಹೇಳುವುದು ಭೌತಶಾಸ್ತ್ರ. ಆದ್ದರಿಂದ ನಾವು ಇಲ್ಲಿ ಸ್ವಲ್ಪ ನಿಂತು ಮುಂದೆ ಹೋಗುತ್ತೇವೆ, ವಾಚಕರು ಸಹಿಸಬೇಕು. ಒಣದ್ರಾಕ್ಷಿಯನ್ನು ನೀರಿನಲ್ಲಿ ನೆನೆಹಾಕಿದರೆ ಉಬ್ಬುತ್ತದೆ. ಉಪ್ಪು ಬೆರೆಸಿದ ಮಾವಿನಕಾಯಿ ಹೋಳು ನೀರು ಬಿಟ್ಟು ಸುಕ್ಕುತ್ತದೆ. ಎರಡೂ ಅಭಿಸರಣದ ಆಟಗಳೇ. ನೀರನ್ನು ಬಿಟ್ಟು ಲವಣವನ್ನು ತಡೆಯುವ ಪೊರೆಯ ಮೂಲಕ ನೀರು ಸಾರ ಕಡಮೆಯಿರುವ ಕಡೆಯಿಂದ ಹೆಚ್ಚಿರುವ ಕಡೆಗೆ ಹರಿಯುವುದು ನಿಯಮ. ಕರಗಿದ ಕಣಗಳು ಉಂಟುಮಾಡುವ ಈ ಒತ್ತಡವು, ಅಷ್ಟೇ ಕಣಗಳು ಅನಿಲರೂಪದಲ್ಲಿ ಅದೇ ಗಾತ್ರವನ್ನು ತುಂಬಿದ್ದರೆ ಉಂಟಾಗುತ್ತಿದ್ದ ಒತ್ತಡಕ್ಕೆ ಸಮವೆಂದು ತೋರಿಸಿದವನು ಹಾಲೆಂಡಿನ ವಾಂಟ್ ಹಾಫ್. 1901ರಲ್ಲಿ ರಸಾಯನಶಾಸ್ತ್ರದ ಮೊತ್ತಮೊದಲ ನೊಬೆಲ್ ಬಹುಮಾನ ಅವನಿಗೆ ಸಂದಿತು. ನಮ್ಮ ಜೀವಕೋಶದ ದ್ರವದಲ್ಲಿ ಲೀಟರಿಗೆ ಸುಮಾರು 0.29 ಮೋಲ್ ಕಣಗಳಿವೆ. ದೇಹದ ಉಷ್ಣತೆಯಲ್ಲಿ ಅನಿಲಸೂತ್ರವನ್ನು ಬಳಸಿ ಲೆಕ್ಕಹಾಕಿ ನೋಡಿ: ಉತ್ತರ ಏಳು ವಾಯುಭಾರಕ್ಕಿಂತ ತುಸು ಹೆಚ್ಚು! ಎಂದರೆ 70 ಮೀಟರಿಗೂ ಮಿಕ್ಕಿದ ಎತ್ತರದ ನೀರಿನ ಕಂಬದ ಒತ್ತಡ. ಲವಣ ಅತ್ಯಲ್ಪವಾಗಿರುವ ನಲ್ಲಿಯ ನೀರಿನಲ್ಲಿ ಹಲ್ಲನ್ನು ಮುಳುಗಿಸಿಟ್ಟರೆ ಇಂತಹ ಒತ್ತಡದಿಂದ ನೀರು ಕೋಶಗಳೊಳಕ್ಕೆ ನುಗ್ಗಿ, ಅವು ಉಬ್ಬಿ ಒಡೆಯುತ್ತವೆ.

ಹಾಗಾದರೆ ಬೇಕಾದದ್ದು ಕೋಶದ್ರವದಷ್ಟೇ ಸಾರವುಳ್ಳ, ಆಮ್ಲವಲ್ಲದ, ಕೊಳಕಿಲ್ಲದ ಒಂದು ದ್ರವ. ಪ್ರಯೋಗಶಾಲೆಗಳಲ್ಲಿ ಕೋಶಗಳನ್ನು ಕಾಪಾಡಲು ಬಳಸುವ ಹ್ಯಾಂಕ್ಸನ ಲವಣದ್ರಾವಣ ಇದಕ್ಕೆ ಒದಗುತ್ತದೆ, ಆದರೆ ಆಟದ ಮೈದಾನದಲ್ಲಿ ಅದನ್ನು ಎಲ್ಲಿಂದ ತರೋಣ? ಹೋಟೆಲಿನಲ್ಲಿಯೂ ಪಕ್ಕದ ಮನೆಯಲ್ಲಿಯೂ ಸಿಗುವ ಹಾಲು ಈ ಎಲ್ಲ ಗುಣಗಳನ್ನೂ ಹೊಂದಿದೆ; ಸ್ವೀಡನ್ನಿನ ಸಂಶೋಧಕರು 1980ರ ದಶಕದ ಆರಂಭದಲ್ಲಿಯೇ ಅದನ್ನು ಪರೀಕ್ಷಿಸಿ ಒಪ್ಪಿದರು. ತಣ್ಣಗಿನ ಬರಿಯ ಹಾಲಾಗಬೇಕು; ಸಕ್ಕರೆ ಬೆರೆಸಿದ್ದು ಆಗದು, ಹುಳಿಯಾದ ಮೊಸರು ಮಜ್ಜಿಗೆಗಳು ಖಂಡಿತ ಆಗವು. ಎಳನೀರಿನ ವಿಷಯದಲ್ಲಿ ಒಂದು ಸ್ವಾರಸ್ಯವಿದೆ. 2008ರಲ್ಲಿ ಚೆನ್ನೈಯಿಂದ ಬಂದ ಒಂದು ವರದಿ ಅದು ಹಾಲಿಗಿಂತ ಮೇಲೆಂದಿತು. ಮರುವರ್ಷ ಬ್ರೆಜಿಲ್ ದೇಶದವರು ಪರೀಕ್ಷಿಸಿದಾಗ ಹಾಲೇ ಗೆದ್ದಿತು. ಎಳನೀರು ಆಮ್ಲಗುಣವುಳ್ಳದ್ದು ಎಂಬುದನ್ನು ನೆನೆದರೆ ನಮ್ಮ ಒಲವು ಹಾಲಿನ ಕಡೆಗೇ.

ನಾವು ಕಂಡ ಒಂದು ಕ್ರಿಕೆಟ್ ಪಂದ್ಯದಲ್ಲಿ ಹುಡುಗನೊಬ್ಬನ ಮೇಲಿನ ಬಾಚಿಹಲ್ಲು ಕಳಚಿ ಬಿತ್ತು. ಹಿತೈಷಿಗಳು ಅದನ್ನು ಸಾಬೂನು ಹಚ್ಚಿ ಬೆಳ್ಳಗಾಗುವಂತೆ ಉಜ್ಜಿ, ಕಾಗದದಲ್ಲಿ ಸುತ್ತಿ ಜೇಬಿಗೆ ಹಾಕಿದರು. ಉಜ್ಜಿ ತೆಗೆದದ್ದು ಕೊಳೆಯನ್ನಲ್ಲ, ಹಲ್ಲಿನ ಜೀವವನ್ನು. ವೈದ್ಯರು ಅದನ್ನು ನೆಟ್ಟರಾದರೂ ನಾಲ್ಕು ವರುಷದಲ್ಲಿ ಬೇರು ಕರಗಿಹೋಯಿತು.

ಮಾಡತಕ್ಕದ್ದು ಇಷ್ಟು. ಗಾಯಗೊಂಡವನಿಗೆ ಪ್ರಜ್ಞೆ ತಪ್ಪಿದ್ದರೆ, ವಾಂತಿಯಾಗುತ್ತಿದ್ದರೆ ಹಲ್ಲಿನ ಮಾತು ಆಮೇಲೆ; ಮೊದಲು ಆಸ್ಪತ್ರೆ. ಇಲ್ಲವಾದರೆ ಹಲ್ಲನ್ನು ಹುಡುಕಿ, ಬೇರನ್ನು ಮುಟ್ಟದೆ, ಬಿಳಿಯ ತಲೆಭಾಗವನ್ನೇ ಹಿಡಿದು ಎತ್ತಬೇಕು. ಮಣ್ಣು ಹತ್ತಿದ್ದರೆ ಹಾಲಿನಿಂದಲೋ ಅವನದೇ ಎಂಜಲಿನಿಂದಲೋ ಮೆಲ್ಲಗೆ ತೊಳೆಯಬೇಕು. ಅವು ಸಿಗದಿದ್ದರೆ ಹರಿಯುವ ತಣ್ಣೀರನ್ನು ಹತ್ತು ಸೆಕೆಂಡು ತಾಗಿಸಿದರೆ ಕೆಡುವುದಿಲ್ಲ. ಅನಂತರ ನಯವಾದ ಮುಂಭಾಗ ತುಟಿಯ ಕಡೆಗೆ ಬರುವಂತೆ ಗೂಡಿನಲ್ಲಿ ಕೂರಿಸಿ, ಮಡಿಸಿದ ಕರವಸ್ತ್ರವನ್ನು ಮೆಲ್ಲಗೆ ಕಚ್ಚಿಕೊಂಡು ದಂತವೈದ್ಯರಲ್ಲಿಗೆ ಹೊರಡಬೇಕು. ಕೂರಿಸಲು ಧೈರ್ಯ ಬಾರದಿದ್ದರೆ ಹಾಲು; ಹಾಲಿಲ್ಲದಿದ್ದರೆ ಲೋಟದಲ್ಲಿ ಉಗುಳಿದ ಅವನದೇ ಎಂಜಲು. ಏನೂ ಇಲ್ಲದಿದ್ದರೆ ಒಣಗಿಸುವುದಕ್ಕಿಂತ ನೀರೇ ಮೇಲು. ಗಂಟೆ ಮೀರಿತೆಂದು ಹಲ್ಲನ್ನು ಎಸೆಯಲೂಬಾರದು: ತಡವಾಗಿ ನೆಟ್ಟದ್ದು ಕೆಲವು ಕಾಲವಾದರೂ ಅಲ್ಲಿನ ಎಲುಬನ್ನು ಕಾಯುತ್ತದೆ.

ಈ ವಿಧಾನ ಶಾಶ್ವತ ಹಲ್ಲಿಗೆ ಮಾತ್ರ. ಸೆಗಣಿಯಲ್ಲಿಟ್ಟು ಮಾಡಿನ ಮೇಲೆ ಎಸೆಯುವ ಹಾಲುಹಲ್ಲು ಪೆಟ್ಟಿನಿಂದ ಕಳಚಿದರೆ ಅದನ್ನು ಮರಳಿ ನೆಡಕೂಡದು. ಕೆಳಗೆ ಬೆಳೆಯುತ್ತಿರುವ ಮೊಳಕೆಗೆ ಹಾನಿಯಾದೀತು. ಆದರೂ ಮಗುವನ್ನು ವೈದ್ಯರಿಗೆ ತೋರಿಸಬೇಕು.

ಮುಂದಿನ ಕೆಲಸ ವೈದ್ಯರದು. ಹಲ್ಲನ್ನು ಪಕ್ಕದ ಹಲ್ಲುಗಳಿಗೆ ತೆಳುವಾದ ತಂತಿಯಿಂದ ಸುಮಾರು ಎರಡು ವಾರ ಕಟ್ಟುತ್ತಾರೆ. ತಂತಿ ಬಾಗುವಂಥದ್ದಿರುವುದು ಉದ್ದೇಶಪೂರ್ವಕ, ಏಕೆಂದರೆ ತುಸು ಅಲುಗಾಟವಿದ್ದರೆ ನಾರುಗಳು ಚೆನ್ನಾಗಿ ಕೂಡಿಕೊಳ್ಳುತ್ತವೆ. ಬೇರು ಪೂರ್ತಿ ಬೆಳೆದಿದ್ದರೆ ಒಳಗಿನ ತಿರುಳನ್ನು ತೆಗೆಯಬೇಕಾಗುತ್ತದೆ. ಮಣ್ಣು ತಾಗಿದ್ದರೆ ಧನುರ್ವಾಯುವಿನ ಚುಚ್ಚುಮದ್ದಿನ ವಿಚಾರವನ್ನು ಕೇಳಲು ಮರೆಯಬಾರದು. ಹಲ್ಲಿನ ಅಂಚು ಮಾತ್ರ ಮುರಿದಿದ್ದರೆ ಆ ಚೂರನ್ನೂ ಒಯ್ಯಿರಿ, ಅದನ್ನು ಅಂಟಿಸುವುದುಂಟು. ಅದಕ್ಕೆ ಬೇರಿನ ಪೊರೆಯಿಲ್ಲವಾದ್ದರಿಂದ ನೀರಿನಲ್ಲಿಟ್ಟರೂ ನಡೆಯುತ್ತದೆ.

ಪೆಟ್ಟನ್ನೇ ತಗ್ಗಿಸಲಾಗದೆ? 160 ಗ್ರಾಂ ತೂಕದ ಕ್ರಿಕೆಟ್ ಚೆಂಡು ಗಂಟೆಗೆ 100 ಕಿಲೋಮೀಟರ್ ವೇಗದಿಂದ ಬಂದು ಸೆಕೆಂಡಿನ ಸಾವಿರದ ಎರಡು ಪಾಲಿನಲ್ಲಿ ನಿಲ್ಲುತ್ತದೆಂದು ಇಟ್ಟುಕೊಳ್ಳೋಣ. ಸಂವೇಗವನ್ನು ಕಾಲದಿಂದ ಭಾಗಿಸಿದರೆ ಸರಾಸರಿ ಬಲ 2,200 ನ್ಯೂಟನ್, ಅಂದರೆ ಎರಡು ಕ್ವಿಂಟಲಿಗೂ ಮಿಕ್ಕಿದ ಭಾರ. ನಡುವೆ ಮೆತ್ತನೆಯ ವಸ್ತುವೊಂದಿದ್ದು ಆ ಕಾಲ ಇಮ್ಮಡಿಯಾದರೆ ಬಲ ಅರ್ಧಕ್ಕಿಳಿಯುತ್ತದೆ. ಉಳಿದದ್ದೂ ಒಂದೇ ಹಲ್ಲಿನ ಮೇಲೆ ಬೀಳದೆ ಹಲವು ಹಲ್ಲುಗಳಿಗೆ ಹಂಚಿಹೋಗುತ್ತದೆ. ಹಾಕಿ ಮತ್ತು ಮುಷ್ಟಿಯುದ್ಧದ ಆಟಗಾರರು ಧರಿಸುವ ಬಾಯಿಯ ಕಾಪು ಮಾಡುವುದು ಇದನ್ನೇ. ಬಿಸಿನೀರಿನಲ್ಲಿ ಮೆತ್ತಗೆ ಮಾಡಿ, ಕಚ್ಚಿ ಆಕಾರ ಕೊಡುವ ಬಗೆಯದು ಆಟದ ಸಾಮಾನಿನ ಅಂಗಡಿಗಳಲ್ಲಿ ದೊರೆಯುತ್ತದೆ. ದಂತವೈದ್ಯರು ಅಚ್ಚು ತೆಗೆದು ಮಾಡಿಕೊಡುವುದು ಇನ್ನೂ ಚೆನ್ನಾಗಿ ಹೊಂದಿಕೊಳ್ಳುತ್ತದೆ.